ಅರಮನೆಯೊಳಗೆ ರಾಗಿಕಲ್ಲು

ದೊಡ್ಡ ಮನೆಗಳು ಮುಪ್ಪಿನಲ್ಲಿ ಏನಾಗುತ್ತವೆ ಎಂದು ತಿಳಿಯುವ ಕುತೂಹಲ ನಿಮಗಿದ್ದರೆ ಮೈಸೂರಿನಲ್ಲಿ ಒಂದು ದಿನ ಸುತ್ತಾಡಿದರೆ ಸಾಕು. ಬೆಟ್ಟದ ಬುಡದ ಲಲಿತ ಮಹಲ್ 1974ರಲ್ಲಿ ಹೋಟೆಲಾಯಿತು. ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿದ ಚೆಲುವಾಂಬ ವಿಲಾಸ 1950ರಲ್ಲಿ ಆಹಾರ ಸಂಶೋಧನಾಲಯವಾಯಿತು; ನಮ್ಮೂರಿನವರ ಬಾಯಲ್ಲಿ ಅದು ಇಂದಿಗೂ 'ಸಿಎಫ್‌ಟಿಆರೈ'. ಹೀಗೆ ರಾಜರ ಮಕ್ಕಳು ಇದ್ದ ಮನೆಗಳಲ್ಲಿ ಈಗ ಗುಮಾಸ್ತರು, ವಿಜ್ಞಾನಿಗಳು, ಪ್ರವಾಸಿಗರು ಓಡಾಡುತ್ತಾರೆ. ಹಳ್ಳಿಗಳ ಗೌಡರ ಮನೆ, ಶ್ಯಾನುಭೋಗರ ಮನೆಗಳ ಗತಿ ಇಷ್ಟು ಸುಖದ್ದಲ್ಲ. ಅವು ಮೊದಲು ಕೋರ್ಟಿಗೆ ಹೋಗುತ್ತವೆ, ಆಮೇಲೆ ಗೆದ್ದಲಿಗೆ ಹೋಗುತ್ತವೆ, ಕಡೆಗೆ ಕಂಬ ತೊಲೆಗಳ ಲೆಕ್ಕದಲ್ಲಿ ಲಾರಿ ಹತ್ತುತ್ತವೆ.

ಇವುಗಳ ನಡುವೆ ವಿಚಿತ್ರವಾದ ಬಾಳು ಬಾಳಿದ ಮನೆಯೊಂದಿದೆ. ಅದು ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ. ಅರಮನೆಗಳು ಸಾಮಾನ್ಯವಾಗಿ ರಾಜರ ಕತ್ತಿ, ಸಿಂಹಾಸನ, ಬೇಟೆಯಾಡಿದ ಹುಲಿಯ ಚರ್ಮವನ್ನು ತೋರಿಸುವ ಜಾಗಗಳು. ಈ ಅರಮನೆಯೊಳಗೆ ಹೊಕ್ಕದ್ದು ಕೂರಿಗೆ, ಕುಕ್ಕೆ, ಮೊರ, ತೊಗಲುಗೊಂಬೆ, ಸೋಮನ ಮುಖ, ತಂಬೂರಿ, ರಾಗಿಕಲ್ಲು. ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕಾಗಿದ್ದ ಜನರ ಸಾಮಾನುಗಳೆಲ್ಲ ನಡುಮನೆಗೇ ಬಂದು ಕೂತವು.

ಈ ಮನೆ ಕಟ್ಟಿದ್ದು 1905ರಲ್ಲಿ. ಹತ್ತನೆಯ ಚಾಮರಾಜೇಂದ್ರ ಒಡೆಯರ ಹಿರಿಯ ಮಗಳು, ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ, ಜಯಲಕ್ಷ್ಮಮ್ಮಣ್ಣಿಯವರಿಗಾಗಿ. ಅವರ ಯಜಮಾನರು ಸರ್ ಎಂ. ಕಾಂತರಾಜ ಅರಸು, ವಿಶ್ವೇಶ್ವರಯ್ಯನವರ ನಂತರ ಮೈಸೂರಿನ ದಿವಾನರಾದವರು. ಕಟ್ಟಲು ಆ ಕಾಲಕ್ಕೆ ಏಳು ಲಕ್ಷ ರೂಪಾಯಿ ಖರ್ಚಾಯಿತಂತೆ. ಆರು ಎಕರೆ ನೆಲ, ನೂರಿಪ್ಪತ್ತೈದಕ್ಕೂ ಮಿಕ್ಕ ಕೋಣೆಗಳು, ಮುನ್ನೂರು ಕಿಟಕಿ, 287 ಬಾಗಿಲು ಎಂದು ಲೆಕ್ಕ ಹೇಳುತ್ತಾರೆ. ಈ ಬಾಗಿಲುಗಳನ್ನೆಲ್ಲ ಸಂಜೆ ಹಾಕಿ ಬೆಳಿಗ್ಗೆ ತೆಗೆಯುವ ಕೆಲಸಕ್ಕೇ ಒಬ್ಬ ಆಳು ಬೇಕಾಗಿತ್ತೇನೋ ಎಂದು ನಾವು ವಿದ್ಯಾರ್ಥಿಗಳಾಗಿದ್ದಾಗ ನಗುತ್ತಿದ್ದೆವು. ಮುಂಭಾಗದಲ್ಲಿ ಜೋಡಿ ಜೋಡಿಯಾಗಿ ನಿಂತ ವಿಲಾಯಿತಿ ಮಾದರಿಯ ಕಂಬಗಳು, ಅವುಗಳ ನೆತ್ತಿಯ ಮೇಲೆ ತ್ರಿಕೋನಾಕಾರದ ಹಣೆ, ಆ ಹಣೆಯಲ್ಲಿ ನಮ್ಮ ಗಜಲಕ್ಷ್ಮಿ. ಒಳಗೆ ಕಲ್ಯಾಣಮಂಟಪ, ನಾಟ್ಯದ ಹಜಾರ, ಒಂದು ದೇವರಮನೆ. ಸೂಟು ಹಾಕಿಕೊಂಡು ಹಣೆಗೆ ವಿಭೂತಿ ಬಳಿದುಕೊಂಡ ಹಿರಿಯರಂತೆ, ಎರಡು ಲೋಕಗಳನ್ನೂ ಬಿಟ್ಟುಕೊಡದ ಮನೆ.

ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದುದು 1956ರಿಂದ 1960ರವರೆಗೆ. ಕುಕ್ಕರಹಳ್ಳಿ ಕೆರೆಯ ಆಚೆಗೆ ಸ್ನಾತಕೋತ್ತರ ವಿಭಾಗಗಳಿಗೆ ಒಂದು ಊರನ್ನೇ ಕಟ್ಟಬೇಕೆಂದು ಹೊರಟು ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಅವರು. ಆ ಸಂದರ್ಭದಲ್ಲೇ ಈ ಮನೆ ವಿಶ್ವವಿದ್ಯಾನಿಲಯದ ಕೈಗೆ ಬಂದಿತು. ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ತೆರೆದದ್ದು 1968ರಲ್ಲಿ. ಚಿತ್ರಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು, ಜಾನಪದ ವಿದ್ವಾಂಸ ಜೀ. ಶಂ. ಪರಮಶಿವಯ್ಯನವರು ಅದಕ್ಕೆ ದುಡಿದವರು. ಹಿಂದೆ ಬೆಂಬಲವಾಗಿ ನಿಂತವರು ದೇ. ಜವರೇಗೌಡರು. ಸಂಗ್ರಹ ಬೆಳೆಯುತ್ತ ಆರು ಸಾವಿರದ ಐನೂರನ್ನು ದಾಟಿತು.

ಈ ಅಂಕಿಯನ್ನು ಸುಮ್ಮನೆ ಓದಿ ಮುಂದೆ ಹೋಗಬೇಡಿ. ಅದು ನಡೆದ ಕಾಲವನ್ನು ಸ್ವಲ್ಪ ನೆನೆಯಿರಿ. ಹಳ್ಳಿಗಳಿಗೆ ವಿದ್ಯುತ್ತು ಬರುತ್ತಿತ್ತು, ಅದರ ಬೆನ್ನಿಗೇ ಹಿಟ್ಟಿನ ಗಿರಣಿ. ಕಪಿಲೆಯ ಜಾಗಕ್ಕೆ ಪಂಪ್‌ಸೆಟ್ಟು, ಕಂಚಿನ ತಣಿಗೆಯ ಜಾಗಕ್ಕೆ ಸ್ಟೀಲಿನ ತಟ್ಟೆ, ಮಣ್ಣಿನ ಗುಡಾಣದ ಜಾಗಕ್ಕೆ ಪ್ಲಾಸ್ಟಿಕ್ಕಿನ ಡ್ರಮ್ಮು ಬರುತ್ತಿದ್ದ ದಿನಗಳು. ಹಳೆಯ ಕಂಚು ಕೊಟ್ಟು ಸ್ಟೀಲು ತೆಗೆದುಕೊಂಡ ಹೆಂಗಸರು ತಾವು ಗೆದ್ದೆವೆಂದು ತಿಳಿದಿದ್ದರು. ಇನ್ನೂ ಇಪ್ಪತ್ತು ವರ್ಷ ತಡಮಾಡಿದ್ದರೆ ಸಂಗ್ರಹಿಸಲು ಏನೂ ಉಳಿಯುತ್ತಿರಲಿಲ್ಲ. ಆಗ ಹೊರಟವರು ಸಮಯಕ್ಕೆ ಸರಿಯಾಗಿ ಹೊರಟರು.

ನಾನು ಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದಿದ್ದು ಎಂಬತ್ತರ ದಶಕದ ಮೊದಲಲ್ಲಿ. ತರಗತಿಗಳ ನಡುವೆ ಬಿಡುವಾದಾಗ ಆ ಮನೆಯ ಒಳಗೆ ಸುತ್ತಾಡುವುದು ನನಗೆ ಅಭ್ಯಾಸವಾಗಿತ್ತು. ನೆರಳು, ತಂಪು, ಎತ್ತರದ ಚಾವಣಿ, ಹೆಜ್ಜೆಯ ಸದ್ದು. ದಕ್ಷಿಣ ಕನ್ನಡದ ಮರದ ಭೂತಗಳೆದುರು ಒಬ್ಬನೇ ನಿಲ್ಲಲು ಸ್ವಲ್ಪ ಧೈರ್ಯ ಬೇಕಾಗುತ್ತಿತ್ತು. ಸೋಮಗಳ ಕೆಂಪು ಹಳದಿ ಮುಖಗಳು ಬಿಟ್ಟ ಕಣ್ಣುಗಳಿಂದ ನೋಡುತ್ತಿದ್ದವು. ಯಕ್ಷಗಾನದ ಕಿರೀಟ, ತೊಗಲಿನ ರಾವಣ, ಗೊರವರ ಕೊಳಲು ಎಲ್ಲವೂ ಇದ್ದವು. ಕನ್ನಡದ ಹಿರಿಯ ಸಾಹಿತಿಗಳು ಬಳಸಿದ ವಸ್ತುಗಳಿಗೂ ಒಂದು ವಿಭಾಗವಿತ್ತು. ನಾನು ಬೆಳೆದ ಮನೆಯಲ್ಲಿ ಕಾಲಿಗೆ ತೊಡರುತ್ತಿದ್ದ ಸಾಮಾನುಗಳನ್ನು ಇಲ್ಲಿ ಗೌರವದಿಂದ ನೋಡಬೇಕಾಗಿ ಬಂದದ್ದು ನನಗೆ ಒಂದು ಥರ ನಾಚಿಕೆಯೂ ಹೆಮ್ಮೆಯೂ ಆಗಿತ್ತು.

ಓದು ಮುಗಿದು ಮೈಸೂರಿನಲ್ಲೇ ಕೆಲಸ ಸಿಕ್ಕಿದ ಮೇಲೆ, 1988ರ ಸುಮಾರಿಗೆ, ನಮ್ಮ ಸೋದರತ್ತೆ ದಸರೆ ನೋಡಲು ಊರಿನಿಂದ ಬಂದಿದ್ದರು. ಅತ್ತೆಯೆಂದರೆ ನಮ್ಮ ಅಪ್ಪನ ತಂಗಿ. ಮದುವೆಯಾಗಿ ಮೂರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವರು, ಆ ಮನೆಯ ಬಾಣಂತನ, ತಿಥಿ, ಸುಗ್ಗಿ ಎಲ್ಲವನ್ನೂ ಎತ್ತಿ ಆಡಿಸಿದವರು. ಅವರಿಗೆ ದೊಡ್ಡ ಅರಮನೆ, ಬೆಟ್ಟ, ವಸ್ತುಪ್ರದರ್ಶನ ಎಲ್ಲ ತೋರಿಸಿದ ಮೇಲೆ ಇಲ್ಲಿಗೂ ಕರೆದುಕೊಂಡು ಹೋದೆ. ಅಂಬಾರಿ ಕಂಡಾಗ ಕೈಮುಗಿದವರು ಇಲ್ಲಿ ರಾಗಿಕಲ್ಲು ಕಂಡು ಗಕ್ಕನೆ ನಿಂತರು.

"ಇದೇನ್ಲಾ ಮಗ, ರಾಗಿಕಲ್ಲ ತಂದು ಅರಮನೇಲಿ ಮಡಗವ್ರೆ?"

"ಹ್ಞೂ ಅತ್ತೆ. ಮುಂದಿನವರು ನೋಡಲಿ ಅಂತ."

"ಯಾರಟ್ಟೀದ್ಲಾ ಇದು?"

"ಯಾರದ್ದೋ, ಗೊತ್ತಿಲ್ಲ."

"ಬೋಲ್ಡಿನಾಗೆ ಬರ್ದಿಲ್ವಾ?"

"ಬೀಸುವ ಕಲ್ಲು ಅಂತ ಬರ್ದವ್ರೆ."

ಅತ್ತೆಗೆ ನಗು ಬಂದಿತು. "ಬೀಸೋ ಕಲ್ಲು ಅಂತ ನಂಗೊತ್ತಿಲ್ವಾ? ಬೀಸ್ದೋಳು ಯಾರು ಅಂತ ಕೇಳ್ದೆ."

ಕಾವಲಿನವನು ಬೇರೆ ಕಡೆ ನೋಡುತ್ತಿದ್ದಾಗ ಅವರು ಬಗ್ಗಿ ಮೇಲುಗಲ್ಲಿನ ಅಂಚನ್ನು ಬೆರಳಿನಿಂದ ಸವರಿದರು. ಗೂಟದ ಕುಳಿಯನ್ನು ಮುಟ್ಟಿದರು. ಆಮೇಲೆ ನನಗೊಂದು ಪಾಠ ಹೇಳಿದರು. ಎರಡು ಮೂರು ಕೊಳಗ ಹಿಟ್ಟು ಬೀಸಿದವರ ಕಲ್ಲು ಹೀಗೆ ಸವೆಯುವುದಿಲ್ಲ, ಇದು ಬಾರಿ ಸಂಸಾರದ ಮನೆಯದು. ಬೀಸಿದವಳು ಎಡಚಿ ಇರಬೇಕು, ಅಥವಾ ಎದುರುಬದುರಾಗಿ ಇಬ್ಬರು ಕೂತು ಬೀಸುತ್ತಿದ್ದಿರಬೇಕು, ಯಾಕೆಂದರೆ ಕುಳಿ ಎರಡೂ ಕಡೆ ಸವೆದಿದೆ. ಕಲ್ಲು ಕುಟ್ಟಿಸಿ ಬಹಳ ಕಾಲವಾಗಿದೆ, ನುಣ್ಣಗಾಗಿಬಿಟ್ಟಿದೆ, ಇದರಲ್ಲಿ ಈಗ ಬೀಸಿದರೆ ರಾಗಿ ಜಾರುತ್ತದೆಯೇ ಹೊರತು ಹಿಟ್ಟಾಗುವುದಿಲ್ಲ. ಹೀಗೆ ಒಂದು ಕಲ್ಲಿನ ಮೇಲೆ ಅವರು ಹತ್ತು ನಿಮಿಷ ಮಾತನಾಡಿದರು. ಎರಡು ವರ್ಷ ಆ ಕೋಣೆಗಳಲ್ಲಿ ಸುತ್ತಾಡಿದ್ದ ನನಗೆ ಕಾಣದಿದ್ದದ್ದು ಅವರಿಗೆ ಬೆರಳಿನ ತುದಿಯಲ್ಲಿ ಕಂಡಿತ್ತು.

ಇದು ಆ ಸಂಗ್ರಹಾಲಯದ ಕೊರತೆಯೆಂದು ನಾನು ಹೇಳುತ್ತಿಲ್ಲ. ಲೋಕದ ಎಲ್ಲ ಸಂಗ್ರಹಾಲಯಗಳ ಚೀಟಿಯೂ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ: ವಸ್ತುವಿನ ಹೆಸರು, ಸಿಕ್ಕಿದ ಊರು, ಬಹಳವೆಂದರೆ ಕಾಲ. ಆದರೆ ಅತ್ತೆಯ ಪ್ರಶ್ನೆ ಕೇಳಿದ ಮೇಲೆ ನನಗೆ ಆ ಮನೆ ಬೇರೆ ರೀತಿ ಕಾಣತೊಡಗಿತು. ಮನೆಗೆ ಜಯಲಕ್ಷ್ಮಮ್ಮಣ್ಣಿಯವರ ಹೆಸರಿದೆ. ಅದು ನ್ಯಾಯವೇ, ಅವರ ಮನೆ. ಸಾಹಿತಿಗಳ ವಿಭಾಗಕ್ಕೆ ಹೋದರೆ ಇದು ಇಂಥವರದು ಎಂದು ಹೆಸರು ಹಿಡಿದು ಹೇಳುತ್ತದೆ. ಅದೂ ನ್ಯಾಯವೇ, ಅವರನ್ನು ನಾವು ಓದಿದ್ದೇವೆ. ರಾಗಿಕಲ್ಲಿನ ಮುಂದೆ, ಕುಕ್ಕೆಯ ಮುಂದೆ, ಮೊರದ ಮುಂದೆ ಬಂದಾಗ ಹೆಸರು ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ 'ಜನಪದರು'. ಒಟ್ಟು ಜನ. ಮೂವತ್ತು ವರ್ಷ ಕೋಳಿ ಕೂಗುವ ಮುಂಚೆ ಎದ್ದು ಬೀಸಿದವಳು ಆ ಒಟ್ಟಿನೊಳಗೆ ಕರಗಿಹೋಗುತ್ತಾಳೆ.

ಹಾಡಿನ ಮಟ್ಟಿಗೆ ನಮ್ಮ ವಿದ್ವಾಂಸರು ಇದನ್ನು ಸರಿಪಡಿಸಿದರು. ಜೀ. ಶಂ. ಪ. ಅವರು ಮಂಟೇಸ್ವಾಮಿಯ ಕತೆಯನ್ನು ನೀಲಗಾರರಿಂದಲೂ ಮಾದೇಶ್ವರನ ಕತೆಯನ್ನು ದೇವರ ಗುಡ್ಡರಿಂದಲೂ ಕೇಳಿ ಬರೆದುಕೊಂಡವರು. ಆ ದಾರಿಯಲ್ಲಿ ಬಂದವರೆಲ್ಲ ಹಾಡಿದವರ ಹೆಸರನ್ನೂ ಊರನ್ನೂ ಬರೆಯುವುದನ್ನು ರೂಢಿಗೆ ತಂದರು. ಹಾಡಿಗೆ ಬಾಯಿ ಬೇಕು, ಆದ್ದರಿಂದ ಹಾಡಿದವರನ್ನು ಮರೆಯುವುದು ಕಷ್ಟ. ಕಲ್ಲು ಹಾಗಲ್ಲ, ಬೀಸಿದವಳನ್ನು ಬಿಟ್ಟು ಒಂದೇ ಎತ್ತಿನಗಾಡಿಯಲ್ಲಿ ಬಂದುಬಿಡುತ್ತದೆ. ಬೀಸುವ ಪದಗಳು ಪುಸ್ತಕದಲ್ಲಿ, ಬೀಸುವ ಕಲ್ಲು ಅರಮನೆಯಲ್ಲಿ, ಬೀಸುವ ತೋಳು ಮಾತ್ರ ಮಣ್ಣಿನಲ್ಲಿ.

ಇನ್ನು ಆ ಮನೆಯ ಮೈ ವಿಚಾರ. ನೂರು ವರ್ಷದ ಮನೆಗೆ ಕಾಯಿಲೆ ಸಹಜ. ಅಂದಿನ ತಾರಸಿಗಳು ಸಿಮೆಂಟಿನವಲ್ಲ. ತೊಲೆಗಳ ಮೇಲೆ ತೀರು, ತೀರಿನ ಮೇಲೆ ಗಾರೆಯಲ್ಲಿ ಅಂಚು ನಿಲ್ಲಿಸಿ ಜೋಡಿಸಿದ ಸಣ್ಣ ಇಟ್ಟಿಗೆ, ಅದರ ಮೇಲೆ ಮತ್ತೆ ಗಾರೆ. ಹಳೆಯ ಗಾರೆ ಕೆಲಸದವರು ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸಿ ದಿನಗಟ್ಟಲೆ ಅರೆಯುತ್ತಿದ್ದರು. ಇಂಥ ಮನೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯಲ್ಲಿ ಬಿಟ್ಟುಬಿಡುತ್ತದೆ. ಒಂದು ಬಿರುಕಿಗೆ ಸಿಮೆಂಟು ಮೆತ್ತಿದಿರೋ, ಒಳಗಿನ ತೇವಕ್ಕೆ ದಾರಿ ಮುಚ್ಚುತ್ತದೆ. ಗೋಡೆಯೊಳಗೆ ಸೇರಿದ ತೊಲೆಯ ತುದಿ ಯಾರ ಕಣ್ಣಿಗೂ ಬೀಳದೆ ಕೊಳೆಯುತ್ತದೆ. ಕೊಳೆತದ್ದು ಗೊತ್ತಾಗುವುದು ತಾರಸಿ ತಲೆಯ ಮೇಲೆ ಬಂದಾಗಲೇ.

ಜಯಲಕ್ಷ್ಮೀವಿಲಾಸ ಒಮ್ಮೆ ಬಹಳ ಸೊರಗಿತ್ತು. 2002ರಲ್ಲಿ ಇನ್ಫೋಸಿಸ್ ಪ್ರತಿಷ್ಠಾನ 1.17 ಕೋಟಿ ರೂಪಾಯಿ ಕೊಟ್ಟು ದುರಸ್ತಿ ಮಾಡಿಸಿತು. 2006ರಲ್ಲಿ ಮತ್ತೆ ಬಾಗಿಲು ತೆರೆಯಿತು. ಮತ್ತೆ ಮಳೆಗಳು ಬಂದವು, ಮತ್ತೆ ಮನೆ ಸೋರಿತು. 2023ರಲ್ಲಿ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವಿನಿಂದ, ಡೆಕ್ಕನ್ ಹೆರಿಟೇಜ್ ಫೌಂಡೇಷನ್ನಿನ ಕೈಯಲ್ಲಿ ಪಶ್ಚಿಮದ ಪಾರ್ಶ್ವದ ಜೀರ್ಣೋದ್ಧಾರಕ್ಕೆ ತೊಡಗಿದರು. ಒಂದು ಮನೆಯ ಸುಣ್ಣಕ್ಕೆ ಅಮೆರಿಕದಿಂದ ದುಡ್ಡು ಬರುತ್ತದೆಂದರೆ ಆ ಮನೆಯ ಭಾಗ್ಯವೆನ್ನಬೇಕೋ, ನಮ್ಮ ಬಡತನವೆನ್ನಬೇಕೋ ನೀವೇ ಹೇಳಿ. ಯಾರದಾದರೂ ಆಗಲಿ, ಸುಣ್ಣ ಬಿದ್ದರೆ ಸಾಕು ಎನ್ನುವ ಪಕ್ಷ ನನ್ನದು. ಮನೆಯೆಂಬುದು ಒಮ್ಮೆ ಗುಣಪಡಿಸಿ ಕಳಿಸುವ ರೋಗಿಯಲ್ಲ. ದಿನವೂ ಗಂಜಿ ಬೇಡುವ ಮುದುಕಿ. ಸಂಸಾರವಿದ್ದ ಮನೆಯಲ್ಲಿ ಸೋರಿದ ದಿನವೇ ಯಾರಾದರೂ ಏಣಿ ಹತ್ತುತ್ತಾರೆ. ಒಲೆಯ ಹೊಗೆ ತೊಲೆಗೆ ತಾಗಿ ಹುಳು ಹತ್ತುವುದಿಲ್ಲ. ಸಂಗ್ರಹಾಲಯದಲ್ಲಿ ಒಲೆಗಳು ಬಹಳ ಇರುತ್ತವೆ, ಹೊಗೆ ಇರುವುದಿಲ್ಲ.

ಇಷ್ಟೆಲ್ಲ ಯೋಚಿಸುವಂತೆ ಮಾಡಿದ್ದು ನಮ್ಮದೇ ಮನೆ. ಮಂಡ್ಯ ಜಿಲ್ಲೆಯ ನಮ್ಮೂರಿನಲ್ಲಿ ನಮ್ಮದೊಂದು ತೊಟ್ಟಿಮನೆ. ಇಪ್ಪತ್ತೆಂಟು ಅಂಕಣ, ನಡುವೆ ತೊಟ್ಟಿ, ಸುತ್ತ ಕಲ್ಲಿನ ಪೀಠದ ಮೇಲೆ ನಿಂತ ಹಲಸಿನ ಕಂಬಗಳು. ಜಯಲಕ್ಷ್ಮೀವಿಲಾಸದ ಮುಂದೆ ಅದು ಕೋಳಿಗೂಡು. ಆದರೆ ಊರಿನ ಲೆಕ್ಕದಲ್ಲಿ ದೊಡ್ಡಮನೆ. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಮೂವರೂ ಹೋದರು. ನಾವು ಮಕ್ಕಳು ಏಳು ಜನ, ಐದು ಊರುಗಳಲ್ಲಿದ್ದೇವೆ. ಮನೆಯಲ್ಲಿ ಉಳಿದವರು ಅತ್ತೆ ಒಬ್ಬರೇ, ಜೊತೆಗೆ ದೊಡ್ಡಪ್ಪನ ಮಗ ಮತ್ತು ಅವನ ಹೆಂಡತಿ. ಎರಡು ವರ್ಷದ ಹಿಂದೆ ಮುಂಗಾರಿನಲ್ಲಿ ಹಿಂದಿನ ಪಡಸಾಲೆಯ ಮಾಡು ಕುಸಿಯಿತು. ಆಗ ಎಲ್ಲರೂ ಸೇರಿದೆವು.

ದೊಡ್ಡಪ್ಪನ ಮಗನ ಮಾತು ನೇರವಾಗಿತ್ತು. "ನೀವೆಲ್ಲ ವರ್ಷಕ್ಕೊಂದು ಸಲ ಬಂದು ಕಂಬ ತಬ್ಕಂಡು ಫೋಟೋ ತೆಗುಸ್ಕಂಡು ಹೋಯ್ತೀರಿ. ಸೋರೋದು ನನ್ನ ತಲೆ ಮ್ಯಾಲೆ." ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಕೊಡಲು ಇರಲೂ ಇಲ್ಲ. ಮನೆ ಇಳಿಸಿ ಆರ್‌ಸಿಸಿ ಹಾಕುವುದೆಂದು ತೀರ್ಮಾನವಾಯಿತು. ಕಂಬ, ಬಾಗಿಲು, ತೊಲೆಗಳನ್ನು ನೋಡಲು ಬೆಂಗಳೂರಿನಿಂದ ಒಬ್ಬ ವ್ಯಾಪಾರಿ ಬಂದ. ಅವನು ಒಳಗೆ ಬಂದಾಗ ನನಗೆ ಆಶ್ಚರ್ಯವಾದದ್ದು ಅವನ ತಿಳಿವಳಿಕೆ. ಯಾವುದು ಹಲಸು, ಯಾವುದು ಹೊನ್ನೆ ಎಂದು ಉಗುರಿನಿಂದ ಕೆರೆದು ಹೇಳಿದ. ಕಂಬಗಳು ರೆಸಾರ್ಟೊಂದರ ಊಟದ ಹಜಾರಕ್ಕೆ ಹೋಗುತ್ತವೆ ಎಂದ. ಅಡುಗೆಮನೆಯ ಮೂಲೆಯ ಸಾಮಾನನ್ನೂ ಬೆಲೆ ಕಟ್ಟಿದ: ಕೊಳಗ, ಸೇರು, ಅಳಗುಳಿಮಣೆ, ಅಡ್ಡಣಿಗೆ, ಕಡೆಗೋಲು, ರಾಗಿಕಲ್ಲು. "ಎಲ್ಲಾ ಒಟ್ಟಿಗೆ ಲಾಟ್ ಮಾಡ್ಕೊಡಿ" ಎಂದ.

ಕಂಬಗಳ ವಿಚಾರದಲ್ಲಿ ನಾನು ಸುಮ್ಮನಿದ್ದೆ. ಮನೆಯಲ್ಲಿ ಇರುವವನಿಗೆ ಮನೆ ಕಟ್ಟಿಕೊಳ್ಳಲು ಹಣ ಬೇಕು. ಸಾಮಾನುಗಳನ್ನು ಮಾತ್ರ ಕೊಡುವುದು ಬೇಡ, ಯಾವುದಾದರೂ ಸಂಗ್ರಹಾಲಯಕ್ಕೆ ಕೊಡೋಣ ಎಂದೆ. ದೊಡ್ಡಪ್ಪನ ಮಗ ಒಪ್ಪಿದ. ಅವುಗಳಿಂದ ಬರುವ ದುಡ್ಡು ಹೇಗೂ ದೊಡ್ಡದಲ್ಲ. ಒಪ್ಪದವರು ಅತ್ತೆ. ಎಂಬತ್ತೇಳು ವರ್ಷದ ಅವರು ಜಗಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಆ ಮನೆಯ ಪತ್ರದಲ್ಲಿ ಅವರ ಹೆಸರಿಲ್ಲ. ಏಳು ಜನರ ಪಾಲಿನಲ್ಲಿ ಅವರಿಗೆ ಪಾಲಿಲ್ಲ. ಆದ್ದರಿಂದ ಅವರನ್ನು ಯಾರೂ ಕೇಳಿರಲಿಲ್ಲ.

"ನಾ ಒಂದ್ಸಲ ನೋಡಿವ್ನಿ ಕನ್ಲಾ ಅದ್ನ," ಎಂದರು. "ಮೈಸೂರ್ನಾಗೆ. ಕಲ್ಲು ಮಡಗಿದ್ರು, ಯಾರ್ದು ಅಂತ ಬರ್ದಿರ್ನಿಲ್ಲ. ನನ್ ಕಲ್ನೂ ಅಂಗೇ ಮಡಗೋದಾದ್ರೆ ಬ್ಯಾಡ. ಇಲ್ಲೇ ಬಾಗ್ಲ ಮುಂದ್ಕೆ ಹಾಕ್ಬುಡಿ, ಕಾಲ್ ತೊಳ್ಕಳಿ."

ಮೂವತ್ತೈದು ವರ್ಷವಾದರೂ ಅವರು ಅದನ್ನು ಮರೆತಿರಲಿಲ್ಲ. ಹಾಗಾದರೆ ಹೇಗೆ ಮಾಡಬೇಕು ಎಂದು ಕೇಳಿದೆ. "ನಾ ಏಳ್ತೀನಿ, ನೀ ಬರ್ಕೊ," ಎಂದರು. ಅವರ ಬೇಡಿಕೆ ಇಷ್ಟೇ: ಸಾಮಾನು ಯಾವುದು, ಮಾಡಿದವರು ಯಾರು, ಬಳಸಿದವರು ಯಾರು, ಹೇಗೆ ಬಳಸಿದರು. ಇದೆಲ್ಲ ಸಾಮಾನಿನ ಜೊತೆ ಹೋಗಬೇಕು. ಬಿಟ್ಟರೆ ಸಾಮಾನೂ ಹೋಗಕೂಡದು. ಜಾನಪದದಲ್ಲಿ ಪದವಿ ಪಡೆದವರು ಕ್ಷೇತ್ರಕಾರ್ಯದ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಆ ಬೇಸಿಗೆಯಿಂದ ನಾನು ತಿಂಗಳಿಗೆರಡು ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಇನ್ನೂರು ಪುಟದ ನೋಟುಪುಸ್ತಕ ಅರ್ಧ ತುಂಬಿದೆ. ಒಂದೊಂದು ಸಾಮಾನಿಗೂ ಒಂದೊಂದು ಸಂಸಾರ ಹುಟ್ಟಿಕೊಳ್ಳುತ್ತದೆ. ನೆಲುವು ಹೆಣೆದವನು ಬಲಗೈಯ ಎರಡು ಬೆರಳಿಲ್ಲದವನು. ಆದ್ದರಿಂದಲೇ ಗಂಟುಗಳು ಒಂದು ಮಗ್ಗುಲಿಗೆ ವಾಲಿವೆ. ಕಂಚಿನ ತಣಿಗೆ ನಮ್ಮ ಅಜ್ಜಿ ತೌರಿನಿಂದ ತಂದದ್ದು. ಬರದ ವರ್ಷ ಎರಡು ಸಲ ಅಡವಿಗೆ ಹೋಗಿ ಎರಡು ಸಲವೂ ಹಿಂದಕ್ಕೆ ಬಂದಿತು. ಕೊಳಗ ಎರಡಿದ್ದವು. ಕೊಡುವುದಕ್ಕೆ ಒಂದು, ಅಳೆದುಕೊಳ್ಳುವುದಕ್ಕೆ ಇನ್ನೊಂದು. ಎರಡೂ ಒಂದೇ ಅಳತೆಯವಲ್ಲ. ಇದನ್ನು ಹೇಳುವಾಗ ಅತ್ತೆ ದನಿ ತಗ್ಗಿಸಿ, "ನಿಮ್ಮ ತಾತ ಒಳ್ಳೇವ್ನೇಯ, ಆದ್ರೂ ಇದ ಬರ್ಕೊ," ಎಂದರು. ಬರೆದುಕೊಂಡೆ. ದೊಡ್ಡಮನೆಯೆಂದು ನಾವು ಬೀಗುತ್ತಿದ್ದ ಮನೆಯ ಮರ್ಯಾದೆ ಆ ಪುಟದಲ್ಲಿ ಸ್ವಲ್ಪ ಇಳಿಯಿತು. ಕೂಲಿಗೆ ಬಂದವರ ಮಡಿಲಿಗೆ ಬಿದ್ದ ರಾಗಿ ಯಾವ ಕೊಳಗದ್ದೆಂದು ಅವರ ಮೊಮ್ಮಕ್ಕಳು ಒಂದು ದಿನ ಓದಿಕೊಳ್ಳಲಿ. ಸಾಮಾನುಗಳನ್ನು ಬರೀ ಚೆಂದಕ್ಕೆ ಇಡುವುದಾದರೆ ಎರಡನೆಯ ಕೊಳಗವನ್ನು ಅಡಗಿಸಿಡಬಹುದಿತ್ತು. ಅತ್ತೆ ಅದಕ್ಕೆ ಬಿಡಲಿಲ್ಲ.

ಎಲ್ಲವನ್ನೂ ಕೊಡುವುದಿಲ್ಲವೆಂದೂ ಅವರೇ ತೀರ್ಮಾನಿಸಿದ್ದಾರೆ. ಅಳಗುಳಿಮಣೆ ಪಕ್ಕದ ಮನೆಯ ಹುಡುಗಿಯರಿಗೆ ಹೋಯಿತು; ಅವರು ಇನ್ನೂ ಆಡುತ್ತಾರೆ. ಮೊರ ಎರಡು ದೊಡ್ಡಪ್ಪನ ಮಗನ ಹೆಂಡತಿಗೆ. ಅವಳು ಇನ್ನೂ ಕೇರುತ್ತಾಳೆ. "ಬಳ್ಸೋರು ಅವ್ರೆ ಅಂದ್ರೆ ಅವ್ರಿಗೆ, ಇಲ್ದಿದ್ರೆ ಅರಮನೆಗೆ" ಎನ್ನುವುದು ಅವರ ನಿಯಮ. ನನಗೆ ಇದು ಸರಿಯೆನಿಸಿದೆ. ಸಂಗ್ರಹಾಲಯ ಬೇಕು. 1968ರಲ್ಲಿ ಆ ಮನೆಯ ಬಾಗಿಲು ತೆರೆಯದಿದ್ದರೆ ಆರು ಸಾವಿರ ಸಾಮಾನುಗಳ ಪೈಕಿ ಎಷ್ಟು ಉಳಿಯುತ್ತಿದ್ದವೆಂದು ನಮ್ಮ ಊರಿನ ಹಿತ್ತಲುಗಳನ್ನು ನೋಡಿದವರಿಗೆ ಗೊತ್ತು. ಆದರೆ ಉಳಿದದ್ದು ಮಾತನಾಡಬೇಕಾದರೆ ಯಾರಾದರೂ ಅದರ ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕು. ಹೇಳುವವರು ಇರುವಾಗಲೇ ಬರೆದುಕೊಳ್ಳಬೇಕು. ನಿಮ್ಮ ಅಟ್ಟದ ಮೇಲೂ ಒಂದು ಕೊಳಗವೋ ಕಡೆಗೋಲೋ ಇರಬಹುದು, ಜಗಲಿಯ ಮೇಲೆ ಒಬ್ಬರು ಅಜ್ಜಿಯೂ ಇರಬಹುದು. ಅಟ್ಟದ್ದು ಇನ್ನೂ ಹತ್ತು ವರ್ಷ ಕಾಯುತ್ತದೆ.

ಹೊಸ ಮನೆಗೆ ತಳಪಾಯ ಹಾಕಿದ್ದಾರೆ. ಸಾಮಾನುಗಳು ದನದ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗಿವೆ. ರಾಗಿಕಲ್ಲಿನ ಪುಟವನ್ನು ಅತ್ತೆ ಕೊನೆಗೆಂದು ಬಾಕಿ ಇಟ್ಟಿದ್ದರು. ಹೋದ ತಿಂಗಳು ಅದನ್ನೂ ಹೇಳಿಸಿದರು. ಕಲ್ಲು ತಂದ ಬೆಟ್ಟ, ಕೊರೆದವನು, ಗೂಟ ಎಷ್ಟು ಸಲ ಬದಲಾಯಿತು, ಎದುರಿಗೆ ಕೂತು ಬೀಸಿದ ಹೆಂಗಸರು ಯಾರು ಯಾರು, ಅವರಲ್ಲಿ ಹೆರಿಗೆಯಲ್ಲಿ ಹೋದವಳು ಯಾರು, ಮನೆ ಬಿಟ್ಟು ಹೋದವಳು ಯಾರು. ಹದಿನಾಲ್ಕು ಹೆಸರಾದವು. ಎಲ್ಲ ಮುಗಿದ ಮೇಲೆ ಓದು ಎಂದರು. ಓದಿದೆ. ನಡುವೆ ಒಂದು ಕಡೆ ತಡೆದು, "ಅವಳ್ನ ನನಗಿಂತ ಮುಂದಕ್ಕೆ ಬರಿ, ಅವ್ಳು ನನಗಿಂತ ಚೆಂದಾಗ್ ಬೀಸ್ತಿದ್ಲು," ಎಂದರು. ಹೆಸರು ಹೊಡೆದು ಮೇಲಕ್ಕೆ ಬರೆದೆ.